ಮಣ್ಣಿನ ಬಾಟಲಿ ಹಿಡಿದು ಶಾಲೆಗೆ ಯಾಕೆ ಹೋಗುತ್ತೇನೆ: ನನ್ನ ಅನುಭವ

ನಾನು ಧಾರವಾಡದಲ್ಲಿ ಮಣ್ಣು ವಿಜ್ಞಾನಿ. ಎರಿ (ಕಪ್ಪು) ಮಣ್ಣಿನಲ್ಲಿ ಸಾವಯವ ಇಂಗಾಲ, ಅಂದರೆ ಗಿಡ, ಗೊಬ್ಬರ ಕೊಳೆತು ಮಣ್ಣಿಗೆ ಸೇರುವ ಇಂಗಾಲ, ಎಷ್ಟಿದೆ, ಅದನ್ನು ಹೆಚ್ಚಿಸೋದು ಹೇಗೆ, ಹೆಚ್ಚಾದದ್ದು ಉಳಿಯುತ್ತದೋ ಇಲ್ಲವೋ ಅಂತ ನೋಡೋದು ನನ್ನ ಕೆಲಸ. ಇದರ ಜೊತೆಗೆ ಬಿಡುವು ಸಿಕ್ಕ ಶನಿವಾರ ಬೆಳಗಿನ ಶಾಲೆಗೆ ಹೋಗಿ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಮಾತಾಡಿ ಬರುತ್ತೇನೆ. ಕುಂದಗೋಳ, ನವಲಗುಂದ, ಕಲಘಟಗಿ, ಒಮ್ಮೊಮ್ಮೆ ಗದಗ ಜಿಲ್ಲೆಯ ರೋಣ, ಶಿರಹಟ್ಟಿ ಕಡೆಗೂ. ಇದು ಡ್ಯೂಟಿ ಅಲ್ಲ, ದುಡ್ಡೂ ಬರಲ್ಲ. "ಯಾಕೆ ಹೋಗ್ತೀರಿ ಮೇಡಂ?" ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಕೆಲವರಿಗೆ ತಾವೂ ಹೋಗಬೇಕು ಅಂತ ಆಸೆ ಇದೆ, ಕೆಲವರಿಗೆ ಇದು ನಿಜಕ್ಕೂ ಅರ್ಥ ಆಗಲ್ಲ. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಪಠ್ಯಪುಸ್ತಕದಲ್ಲಿ ಇರೋದೆಲ್ಲ ಮುಗಿದ ವಿಜ್ಞಾನ. ಪ್ರಶ್ನೆ ಇದೆ, ಕೆಳಗೆ ಉತ್ತರ ಇದೆ, ಬಾಯಿಪಾಠ ಮಾಡಿದರೆ ಆಯ್ತು. ಮೇಷ್ಟ್ರು ಎಷ್ಟೇ ಚೆನ್ನಾಗಿ ಪಾಠ ಮಾಡಿದರೂ ಸಿಲೆಬಸ್ ಮುಗಿಸಲೇಬೇಕು, ಅವರನ್ನು ದೂರೋಕೆ ಆಗಲ್ಲ. ಆದರೆ ಇನ್ನೂ ಉತ್ತರ ಸಿಗದ ಪ್ರಶ್ನೆ ಹೇಗಿರುತ್ತದೆ, ಅದನ್ನು ಹಿಡಿದುಕೊಂಡು ಒಬ್ಬ ಮನುಷ್ಯ ವರ್ಷಗಟ್ಟಲೆ ಏನು ಮಾಡುತ್ತಾನೆ ಅನ್ನೋದನ್ನು ಮಕ್ಕಳಿಗೆ ತೋರಿಸಬೇಕಾದರೆ ಅಂಥ ಕೆಲಸ ಮಾಡುತ್ತಿರುವವರೇ ಎದುರಿಗೆ ಬರಬೇಕು. ನಾನು ಹೋಗೋದು ಅದಕ್ಕೆ. ಅರ್ಧ ಆಗಿರುವ ನನ್ನ ಕೆಲಸವನ್ನು ಮಕ್ಕಳ ಮುಂದೆ ಇಡುತ್ತೇನೆ.

ಇನ್ನೊಂದು ವಿಷಯ ಇದೆ. ನಮ್ಮ ಭಾಗದ ಮಕ್ಕಳ ಹತ್ತಿರ ಈ ಕೆಲಸಕ್ಕೆ ಬೇಕಾದ ಸಾಮಾನು ಆಗಲೇ ಇದೆ. ಧಾರವಾಡ ಜಿಲ್ಲೆಯನ್ನೇ ತೊಗೊಳ್ಳಿ. ಪಡುವಣಕ್ಕೆ ಕಲಘಟಗಿ ಕಡೆ ಹೋದರೆ ಕೆಂಪು ಮಣ್ಣು, ಭತ್ತ, ಗೋವಿನಜೋಳ. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಕಣ್ಣು ಹಾಯಿಸಿದಷ್ಟು ದೂರ ಎರಿ, ಹಿಂಗಾರಿಗೆ ಬಿಳಿಜೋಳ, ಕಡಲಿ, ಕುಸುಬಿ. ಮಳೆ ನಿಂತ ಮೇಲೆ ಬಿತ್ತಿ, ಬರೀ ಮಣ್ಣಿನೊಳಗಿನ ಹಸಿಯ ಮೇಲೆ ಬೆಳೆ ತೆಗೆಯೋದನ್ನು ಅಲ್ಲಿನ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಮಳೆಗಾಲದಲ್ಲಿ ಎರಿ ದಾರಿಯಲ್ಲಿ ಸೈಕಲ್ ತಳ್ಳಿ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡ ಮಣ್ಣನ್ನು ಕಡ್ಡಿಯಿಂದ ಕೆರೆದ ಹುಡುಗನಿಗೆ ಜೇಡಿ ಅಂದರೇನು ಅಂತ ನಾನು ಹೊಸದಾಗಿ ಹೇಳಬೇಕಾಗಿಲ್ಲ.

ನಾನು ಮಾಡೋದು ಹೀಗೆ. ಎರಡು ಮೂರು ದಿನ ಮೊದಲೇ ಹೆಡ್ ಮಾಸ್ತರಿಗೆ ಫೋನ್ ಮಾಡಿ, ಮಕ್ಕಳು ತಮ್ಮ ಹೊಲದ ಮಣ್ಣನ್ನು ಒಂದೊಂದು ಬೊಗಸೆ ತರಲಿ ಅಂತ ಹೇಳುತ್ತೇನೆ. ಹೊಲ ಇಲ್ಲದ ಮನೆಯ ಮಕ್ಕಳು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ, ಅದಕ್ಕೆ "ಹಿತ್ತಲದ್ದು, ಕೆರೆ ದಂಡೆಯದ್ದು, ದಾರಿ ಮಗ್ಗಲಿನದು, ಯಾವುದಾದರೂ ನಡೆಯುತ್ತದೆ" ಅಂತ ತಪ್ಪದೆ ಸೇರಿಸುತ್ತೇನೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಒಯ್ಯಲ್ಲ. ಖಾಲಿ ನೀರಿನ ಬಾಟಲಿಗಳು, ಒಂದು ಪುಡಿಕೆ ಬಟ್ಟೆ ಸೋಪಿನ ಪುಡಿ, ಅಡಿಪಟ್ಟಿ, ಒಂದು ಭೂತಗನ್ನಡಿ, ಇಷ್ಟೇ. ಜೊತೆಗೆ ಕಲಘಟಗಿಯ ಕೆಂಪು ಮಣ್ಣು ನವಲಗುಂದಕ್ಕೆ, ನವಲಗುಂದದ ಎರಿ ಕಲಘಟಗಿಗೆ.

ಬಾಟಲಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ಚಿಟಿಕೆ ಸೋಪಿನ ಪುಡಿ ಹಾಕಿ, ಕುತ್ತಿಗೆಗೆ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ ಮಕ್ಕಳ ಕೈಗೆ ಕೊಡುತ್ತೇನೆ. ಐದು ನಿಮಿಷ ಚೆನ್ನಾಗಿ ಕುಲುಕಬೇಕು. ಸರದಿ ಪ್ರಕಾರ ಕುಲುಕುತ್ತಾರೆ, ಗದ್ದಲ ಆಗುತ್ತದೆ, ಆಗಲಿ ಬಿಡಿ. ಆಮೇಲೆ ಬಾಟಲಿಗಳನ್ನು ಕಿಟಕಿ ಕಟ್ಟೆ ಮೇಲೆ ಸಾಲಾಗಿ ಇಟ್ಟು "ಇನ್ನು ಯಾರೂ ಮುಟ್ಟಬೇಡಿ, ಸುಮ್ನೆ ನೋಡಿ" ಅಂತ ಹೇಳುತ್ತೇನೆ. ಕೆಂಪು ಮಣ್ಣಿನ ಬಾಟಲಿಯಲ್ಲಿ ಒಂದೇ ನಿಮಿಷಕ್ಕೆ ತಳದಲ್ಲಿ ಉಸುಕಿನ ದಪ್ಪ ಪದರ ಕೂತುಬಿಡುತ್ತದೆ. ಎರಿ ಬಾಟಲಿಯ ತಳದಲ್ಲಿ ತೆಳ್ಳಗೆ ಒಂದು ಗೆರೆ, ಮೇಲೆಲ್ಲ ಕಪ್ಪು ನೀರು. ಕಾಯುತ್ತಾ ಕೂತರೂ ತಿಳಿಯಾಗಲ್ಲ.

"ಯಾವಾಗ ತಿಳಿ ಆಗ್ತೈತ್ರಿ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನಾನು ಲೆಕ್ಕ ಕೊಡುತ್ತೇನೆ. ಜೇಡಿ ಕಣ ಅಂದರೆ 0.002 ಮಿಲಿಮೀಟರಿಗಿಂತ ಸಣ್ಣದು. ಆ ಅಳತೆಯ ಕಣ ನೀರಿನಲ್ಲಿ 10 ಸೆಂಟಿಮೀಟರ್ ಕೆಳಗಿಳಿಯೋಕೆ ಸುಮಾರು 8 ಗಂಟೆ ಬೇಕು, ಇನ್ನೂ ಸಣ್ಣದಾದರೆ ದಿನಗಳೇ ಬೇಕು. ನಿಮ್ಮ ಬಾಟಲಿ ಎಷ್ಟು ಎತ್ತರ ಇದೆ, ಅಳೆದು ಲೆಕ್ಕ ಹಾಕಿ. ಅಡಿಪಟ್ಟಿ ಎಳೆದಾಡಿಕೊಂಡು ಲೆಕ್ಕ ಹಾಕುತ್ತಾರೆ. ಆಮೇಲೆ ನಮ್ಮ ಲ್ಯಾಬಿನಲ್ಲೂ ಇದನ್ನೇ ಮಾಡುತ್ತೇವೆ ಅಂತ ಹೇಳುತ್ತೇನೆ. ಅಲ್ಲಿ ಬಾಟಲಿಯ ಬದಲು ಅಳತೆಯ ಗಾಜಿನ ಜಾಡಿ ಇರುತ್ತದೆ, ಹೊತ್ತು ನೋಡಿ ಪಿಪೆಟ್‌ನಿಂದ ನೀರು ತೆಗೆದು, ಒಣಗಿಸಿ, ಉಳಿದ ಜೇಡಿಯನ್ನು ತೂಕ ಮಾಡುತ್ತೇವೆ. ವಿಧಾನ ಅದೇ. ಇದನ್ನು ಕೇಳಿದಾಗ ಮಕ್ಕಳು ಬಾಟಲಿಯನ್ನು ಇನ್ನೊಮ್ಮೆ ನೋಡುತ್ತಾರೆ, ಆ ನೋಟ ಬೇರೆ ಇರುತ್ತದೆ. ಬಾಟಲಿಗಳನ್ನು ನಾನು ವಾಪಸ್ ತರಲ್ಲ. ಸೋಮವಾರ, ಮಂಗಳವಾರ ಪದರಗಳನ್ನು ಅಳೆದು ಬರೆಯೋದು ಅವರ ಕೆಲಸ. ವಿಜ್ಞಾನದ ಮೇಷ್ಟ್ರು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸುತ್ತಾರೆ, ಎಷ್ಟೋ ಸಲ "ಮೇಡಂ, ಇನ್ನೂ ತಿಳಿಯಾಗಿಲ್ಲ" ಅಂತ ಒಂದು ಸಾಲು ಬರೆದು.

ಒಮ್ಮೆ ಮಣ್ಣೆತ್ತಿನ ಅಮವಾಸ್ಯೆ ಆದ ಸ್ವಲ್ಪ ದಿನಕ್ಕೆ ಕುಂದಗೋಳ ತಾಲೂಕಿನ ಒಂದು ಹೈಸ್ಕೂಲಿಗೆ ಹೋಗಿದ್ದೆ. ನಮ್ಮ ಕಡೆ ಅವತ್ತು ಎರಿ ಮಣ್ಣಿನಲ್ಲಿ ಎತ್ತು ಮಾಡಿ ಪೂಜೆ ಮಾಡುತ್ತಾರೆ, ಮಕ್ಕಳಿಗೆ ದೊಡ್ಡ ಸಂಭ್ರಮ. ಮಾಡಿದ ಎತ್ತು ಒಣಗಿದಾಗ ಯಾಕೆ ಸೀಳುತ್ತದೆ ಅಂತ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ನಮ್ಮ ಎತ್ತ ಸೀಳಂಗಿಲ್ರಿ. ನಮ್ಮಜ್ಜಿ ಮಣ್ಣಿನ್ಯಾಗ ಅರಳಿ ಕಲಸ್ತಾಳ್ರಿ" ಅಂದಳು. ಇಡೀ ಕ್ಲಾಸು ಅವಳ ಕಡೆ ತಿರುಗಿತು. ಅಜ್ಜಿ ಹತ್ತಿಯ ಎಳೆಯನ್ನು ಮಣ್ಣಿಗೆ ಕಲಸಿ, ಮಣ್ಣು ಕುಗ್ಗುವಾಗ ಬೇರೆಬೇರೆ ಆಗದ ಹಾಗೆ ಹಿಡಿದಿಟ್ಟಿದ್ದಾಳೆ. ಇದನ್ನು ಬೋರ್ಡಿನ ಮೇಲೆ ಆ ಹುಡುಗಿಯ ಅಜ್ಜಿಯ ವಿಧಾನ ಅಂತಲೇ ಬರೆಸಿದೆ.

ಅಲ್ಲಿಂದ ಮಣ್ಣು ಯಾಕೆ ಕುಗ್ಗುತ್ತದೆ ಅನ್ನೋದಕ್ಕೆ ಬಂದೆವು. ಎರಿ ಮಣ್ಣಿನಲ್ಲಿ ಸ್ಮೆಕ್ಟೈಟ್ ಜಾತಿಯ ಜೇಡಿ ಖನಿಜ ಜಾಸ್ತಿ. ಅದರ ಹಾಳೆಗಳು ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿ ಹಾಗೆ ಒಂದರ ಮೇಲೊಂದು ಇರುತ್ತವೆ. ಒಂದೊಂದು ಹಾಳೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು. ಎರಡು ಹಾಳೆಗಳ ನಡುವೆ ನೀರು ಹೊಕ್ಕರೆ ಅವು ದೂರ ಸರಿಯುತ್ತವೆ, ಮಣ್ಣು ಹಿಗ್ಗುತ್ತದೆ. ನೀರು ಆರಿದರೆ ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗಿ ಬಿರಿಯುತ್ತದೆ. ಕೆಂಪು ಮಣ್ಣಿನ ಜೇಡಿಯಲ್ಲಿ ಹಾಳೆಗಳ ನಡುವೆ ನೀರಿಗೆ ಹೀಗೆ ದಾರಿ ಇಲ್ಲ, ಅದಕ್ಕೆ ಮಸಾರಿ ಹೊಲದಲ್ಲಿ ಅಷ್ಟು ದೊಡ್ಡ ಬಿರುಕು ಕಾಣಲ್ಲ. ಬಾಯಿಮಾತಿಗೆ ಬಿಡದೆ ಅಳೆಯೋಣ ಅಂತ ಎರಡೂ ಮಣ್ಣನ್ನು ನಾದಿ ಸರಿಯಾಗಿ 10 ಸೆಂಟಿಮೀಟರ್ ಉದ್ದದ ಕಡ್ಡಿ ಹೊಸೆಸಿದೆ. ನೆರಳಲ್ಲಿ ಒಣಗಿದ ಮೇಲೆ ಅಳೆಯಬೇಕು. 9.4 ಸೆಂಟಿಮೀಟರಿಗಿಂತ ಕಡಿಮೆ ಆಗಿದ್ದರೆ ಅದು ಜಾಸ್ತಿ ಹಿಗ್ಗಿ ಕುಗ್ಗುವ ಮಣ್ಣು. ಇದೂ ಲ್ಯಾಬಿನ ವಿಧಾನವೇ, ಸಾಮಾನು ಮಾತ್ರ ಅಡಿಪಟ್ಟಿ.

ಈಗ ನನಗೆ ಏನು ಸಿಗುತ್ತದೆ ಅನ್ನೋದಕ್ಕೆ ಬರುತ್ತೇನೆ, ಯಾಕಂದರೆ ಸಹೋದ್ಯೋಗಿಗಳು ಕೇಳೋದು ಅದನ್ನೇ. ನನಗೆ ಪ್ರಶ್ನೆ ಸಿಗುತ್ತವೆ. ನವಲಗುಂದ ಕಡೆಯ ಒಂದು ಶಾಲೆಯಲ್ಲಿ ಒಬ್ಬ ಹುಡುಗ ಕೇಳಿದ: "ಬ್ಯಾಸಗ್ಯಾಗ ಬಿರುಕಿನ್ಯಾಗ ಮಣ್ಣು ಬೀಳತೈತಲ್ರಿ, ಅದು ಎಲ್ಲಿಗೆ ಹೋಗತೈತ್ರಿ?" ಇದು ಎರಿ ಮಣ್ಣಿನ ಬುಡಕ್ಕೇ ಕೈ ಹಾಕುವ ಪ್ರಶ್ನೆ. ಮೇಲಿನ ಸಡಿಲ ಮಣ್ಣು ಬಿರುಕಿನಲ್ಲಿ ಬಿದ್ದು ಆಳಕ್ಕೆ ಹೋಗುತ್ತದೆ. ಮಳೆ ಬಂದಾಗ ಕೆಳಗಿನ ಮಣ್ಣು ಹಿಗ್ಗುತ್ತದೆ, ಆದರೆ ಮೊದಲಿದ್ದ ಜಾಗವನ್ನು ಬಿದ್ದ ಮಣ್ಣು ತುಂಬಿರುತ್ತದೆ. ಹಾಗಾಗಿ ಪಕ್ಕಕ್ಕೂ ಮೇಲಕ್ಕೂ ತಳ್ಳುತ್ತದೆ. ಹೀಗೆ ವರ್ಷ ವರ್ಷ ಆಗಿ ಎರಿ ಹೊಲ ತನ್ನನ್ನು ತಾನೇ ನಿಧಾನಕ್ಕೆ ಮಗುಚಿಕೊಳ್ಳುತ್ತಾ ಇರುತ್ತದೆ. ಆಳವಾಗಿ ಗುಂಡಿ ತೋಡಿದರೆ ಗೋಡೆಯಲ್ಲಿ ಮಣ್ಣು ಮಣ್ಣಿಗೆ ತಿಕ್ಕಿ ನುಣುಪಾಗಿ ಮಿನುಗುವ ಮುಖಗಳು ಕಾಣುತ್ತವೆ. ಎರಿ ಊರುಗಳಲ್ಲಿ ಕಾಂಪೌಂಡ್ ಗೋಡೆ ಬಿರಿಯೋದು, ಕಂಬ ವಾಲೋದು, ಹೊಸ ರಸ್ತೆ ಎರಡು ಮಳೆಗೆ ಏರುಪೇರಾಗೋದು, ಇದಕ್ಕೆಲ್ಲ ಮಣ್ಣಿನ ಈ ಚಲನೆ ದೊಡ್ಡ ಕಾರಣ. ಇಷ್ಟು ಹೇಳಿ ಮುಗಿಸೋದರೊಳಗೆ ಮಕ್ಕಳು ತಮ್ಮ ಶಾಲೆಯ ಗೋಡೆ ಕಡೆ ಕೈ ತೋರಿಸುತ್ತಿದ್ದರು.

ಆ ಹುಡುಗ ಅಲ್ಲಿಗೆ ಬಿಡಲಿಲ್ಲ. "ಹಂಗಾರ ಮ್ಯಾಲಿನ ಗೊಬ್ಬರಾನೂ ಕೆಳಗ ಹೋಗಬೇಕಲ್ರಿ?" ಹೋಗುತ್ತದೆ. ಎಷ್ಟು ಹೋಗುತ್ತದೆ, ಆಳಕ್ಕೆ ಹೋದ ಇಂಗಾಲ ಅಲ್ಲಿ ಜಾಸ್ತಿ ಕಾಲ ಉಳಿಯುತ್ತದಾ ಅನ್ನೋದು ನನ್ನದೇ ಸಂಶೋಧನೆಯ ಒಳಗಿನ ಪ್ರಶ್ನೆ. "ಅದನ್ನೇ ಹುಡುಕ್ತಾ ಇದ್ದೀನಿ, ಇನ್ನೂ ಪೂರ್ತಿ ಗೊತ್ತಾಗಿಲ್ಲ" ಅಂದೆ. ಕ್ಲಾಸು ಸುಮ್ಮನಾಯಿತು. ಮುಂದೆ ನಿಂತವರು ಗೊತ್ತಿಲ್ಲ ಅಂತ ಹೇಳಿದ್ದನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ ಅಂತ ಕಾಣುತ್ತದೆ. ಆ ಮಾತಾದ ಮೇಲೆ ಪ್ರಶ್ನೆಗಳು ಮೊದಲಿಗಿಂತ ಜಾಸ್ತಿ ಬಂದವು. ಅದಾದ ಮೇಲೆ ನಮ್ಮ ತಂಡದಲ್ಲಿ ಮಣ್ಣಿನ ಮಾದರಿ ತೆಗೆಯುವಾಗ ಆ ಜಾಗ ಹತ್ತಿರದ ಬಿರುಕಿನಿಂದ ಎಷ್ಟು ದೂರ ಇತ್ತು ಅನ್ನೋದನ್ನೂ ರಿಜಿಸ್ಟರಿನಲ್ಲಿ ಬರೆಯೋಕೆ ಶುರು ಮಾಡಿದೆವು. ಒಂಬತ್ತನೇ ಕ್ಲಾಸಿನ ಹುಡುಗನ ಪ್ರಶ್ನೆಯಿಂದ ನಮ್ಮ ರಿಜಿಸ್ಟರಿಗೆ ಒಂದು ಕಾಲಂ ಬಂತು. ನನಗೆ ಇದು ದೊಡ್ಡದು.

ಇನ್ನೊಂದು ಪ್ರಶ್ನೆ ಮಣ್ಣು ಆರೋಗ್ಯ ಕಾರ್ಡಿನದು. 2015ರಲ್ಲಿ ಶುರುವಾದ ಈ ಕಾರ್ಡಿನಲ್ಲಿ 12 ಅಂಶ ಇರುತ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಕಾರ್ಡು ಇದ್ದವರು ತನ್ನಿ ಅಂತ ಹೇಳಿದ್ದೆ. ಒಬ್ಬ ಹುಡುಗಿ ಎರಡು ಕಾರ್ಡು ಹಿಡಿದು ಬಂದಳು: "ಇದು ನಮ್ಮದ್ರಿ, ಇದು ಬಾಜೂ ಹೊಲದವರದ್ರಿ. ನಮ್ಮಪ್ಪ ತಿಪ್ಪಿಗೊಬ್ಬರ ಹಾಕ್ತಾನ, ಅವರು ಹಾಕಂಗಿಲ್ಲ. ಎರಡ್ರಾಗೂ ಒಂದ ನಂಬರ್ ಹೆಂಗ್ ಬಂತ್ರಿ?" ಇದಕ್ಕೆ ಕಾರಣ ಇದೆ. ಆ ಕಾರ್ಡುಗಳಿಗೆ ಮಾದರಿಯನ್ನು ಚೌಕದ ಲೆಕ್ಕದಲ್ಲಿ ತೆಗೆದಿದ್ದರು, ನೀರಾವರಿ ಇದ್ದಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ ಒಂದು. 10 ಹೆಕ್ಟೇರ್ ಅಂದರೆ ಸುಮಾರು 25 ಎಕರೆ. ಅಷ್ಟರೊಳಗೆ ನಾಲ್ಕೈದು ಮನೆಯವರ ಹೊಲ ಬಂದರೆ ಎಲ್ಲರಿಗೂ ಅದೇ ನಂಬರ್. ನಿನ್ನ ಅನುಮಾನ ಸರಿ ಇದೆ, ನಿಮ್ಮ ಹೊಲದ್ದೇ ಬೇಕು ಅಂದರೆ ನಿಮ್ಮ ಹೊಲದ ಮಣ್ಣನ್ನೇ ಪರೀಕ್ಷೆ ಮಾಡಿಸಬೇಕು ಅಂತ ಹೇಳಿದೆ. ಆಮೇಲೆ ಉಳಿದ ಪೂರ್ತಿ ಅವಧಿ ಮಾದರಿ ತೆಗೆಯೋದನ್ನೇ ಕಲಿಸಿದೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳಕ್ಕೆ ವಿ ಆಕಾರದ ಕುಣಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಬೇಕು. ಬದು, ಗಿಡದ ಬುಡ, ತಿಪ್ಪೆ ಹಾಕಿದ ಜಾಗ ಬಿಡಬೇಕು. ಎಲ್ಲ ಕಲಸಿ ವೃತ್ತ ಮಾಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಹಾಗೇ ಮಾಡುತ್ತಾ ಅರ್ಧ ಕೆಜಿಗೆ ಇಳಿಸಬೇಕು. ಶಾಲೆ ಮೈದಾನದಲ್ಲೇ ಮಾಡಿ ನೋಡಿದೆವು. ದೊಡ್ಡವರಿಗೆ ಹೊಲದ ಬದುವಿನಲ್ಲಿ ನಿಂತು ಇದನ್ನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ಮಕ್ಕಳು ಮನೆಗೆ ಹೋಗಿ ಅಪ್ಪನ ಕೈಯಲ್ಲಿ ಮಾಡಿಸುತ್ತಾರೆ, ಬದುವಿನ ಮೇಲಿನ ಮಣ್ಣು ತೆಗೆದರೆ "ಅಲ್ಲಿದು ನಡೆಯಂಗಿಲ್ಲ" ಅಂತ ತಡೆಯುತ್ತಾರೆ.

ಕರಿ ಮಣ್ಣಿನಲ್ಲಿ ಸತ್ವ ಜಾಸ್ತಿ ಅಲ್ವಾ ಅಂತಲೂ ಹೆಚ್ಚುಕಡಿಮೆ ಎಲ್ಲಾ ಕಡೆ ಕೇಳುತ್ತಾರೆ. ಬಣ್ಣ ನೋಡಿ ಹಾಗೆ ಅನ್ನಿಸೋದು ಸಹಜ. ನಮ್ಮ ಎರಿ ಮಣ್ಣು ಎಷ್ಟೇ ಕಪ್ಪಗಿದ್ದರೂ ಅದರಲ್ಲಿ ಸಾವಯವ ಇಂಗಾಲ, ಸಾರಜನಕ ಸಾಮಾನ್ಯವಾಗಿ ಕಡಿಮೆಯೇ. ನೀರು ಹಿಡಿದಿಡೋ ಶಕ್ತಿ ಜಾಸ್ತಿ, ಅದು ಬೇರೆ ಮಾತು. ಮಣ್ಣಿನ ಕೆಳಗಿನ ಬಂಡೆಯ ಮಾತೂ ಬರುತ್ತದೆ. ಭೂವಿಜ್ಞಾನಿಗಳು ಈ ಭಾಗದ ಪುರಾತನ ಶಿಲೆಗೆ ಧಾರವಾಡದ ಹೆಸರನ್ನೇ ಇಟ್ಟಿದ್ದಾರೆ, ಧಾರವಾಡ ಕ್ರೇಟಾನ್ (ಭೂಖಂಡದ ಹಳೆಯ, ಗಟ್ಟಿ ಭಾಗ) ಅಂತ ಜಗತ್ತಿನಾದ್ಯಂತ ಓದುತ್ತಾರೆ, ಅದರ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು ಅಂತ ಹೇಳಿದರೆ ಕ್ಲಾಸಿನಲ್ಲಿ ಎಲ್ಲರ ಬೆನ್ನು ನೆಟ್ಟಗಾಗುತ್ತದೆ.

ನನ್ನ ಪ್ರಯೋಗದ ತಾಕಿನ ಬಗ್ಗೆ ಹೇಳುವಾಗ, ಇಂಗಾಲ ನಿಧಾನಕ್ಕೆ ಬದಲಾಗುತ್ತದೆ, ಒಂದು ವರ್ಷದಲ್ಲಿ ಏನೂ ಗೊತ್ತಾಗಲ್ಲ, ಕೆಲವಕ್ಕೆ ಹತ್ತು ಹದಿನೈದು ವರ್ಷ ಬೇಕು ಅನ್ನುತ್ತೇನೆ. "ಅಷ್ಟು ವರ್ಷ ಬ್ಯಾಸರಾ ಆಗಂಗಿಲ್ಲೇನ್ರಿ?" ಅಂತ ಒಬ್ಬಳು ಕೇಳಿದಳು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರು ಮಾಡಿದ ಗೋದಿ ಹೊಲದ ಪ್ರಯೋಗ ಇವತ್ತಿಗೂ ನಡೀತಿದೆ, ಶುರು ಮಾಡಿದವರು ತೀರಿಕೊಂಡು ನೂರು ವರ್ಷದ ಮೇಲಾಯಿತು ಅಂದೆ. ಅವರ ಆಗಿನ ಮಣ್ಣಿನ ಮಾದರಿ ಬಾಟಲಿಗಳಲ್ಲಿ ಇನ್ನೂ ಇವೆ, ಈಗಿನವರು ತೆಗೆದು ಪರೀಕ್ಷೆ ಮಾಡುತ್ತಾರೆ. ಅವಳು ಒಂದು ಕ್ಷಣ ಲೆಕ್ಕ ಹಾಕಿ, "ಹಂಗಾರ ನಿಮ್ಮ ಹೊಲ ಆಮ್ಯಾಲೆ ಯಾರು ನೋಡ್ತಾರ್ರಿ?" ಅಂದಳು. ನಿಮ್ಮಲ್ಲಿ ಯಾರಾದರೂ ಬರಬೇಕು ಅಂದೆ. ನಿಜವಾಗಲೂ ಬರಬೇಕು, ಸುಮ್ನೆ ಹೇಳಿದ ಮಾತಲ್ಲ ಅದು.

ಅದು ಹೇಗೆ ಬರೋದು ಅನ್ನೋದನ್ನು ಬಿಚ್ಚಿ ಹೇಳಲೇಬೇಕು. ಪಿಯುಸಿ ಸೈನ್ಸ್, ಆಮೇಲೆ ಸಿಇಟಿ, ನಾಲ್ಕು ವರ್ಷದ ಬಿಎಸ್ಸಿ ಕೃಷಿ, ಎಂಎಸ್ಸಿ, ಪಿಎಚ್‌ಡಿ. ರೈತರ ಮಕ್ಕಳಿಗೆ ಕೃಷಿ ಕೋರ್ಸಿನಲ್ಲಿ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಗೊಬ್ಬರ, ಉಪಕರಣ ಗುರುತು ಹಿಡಿಯಬೇಕು ಅನ್ನೋದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ಇದನ್ನು ಹೇಳಿದಾಗ ಹೊಲದ ಕೆಲಸಕ್ಕೆ ಶಾಲೆ ತಪ್ಪಿಸಿ ಬೈಸಿಕೊಳ್ಳುವ ಹುಡುಗರು ತಲೆ ಎತ್ತುತ್ತಾರೆ. "ಪಗಾರ ಎಷ್ಟ್ರಿ?" ಅಂತಲೂ ಕೇಳುತ್ತಾರೆ, ಮೇಷ್ಟ್ರು ಗದರಿಸೋಕೆ ಹೋಗುತ್ತಾರೆ, ನಾನು ಬೇಡ ಅನ್ನುತ್ತೇನೆ. ಹೊಸದಾಗಿ ಸೇರುವ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700 ರೂಪಾಯಿ, ಭತ್ಯೆ ಬೇರೆ. ಹಾಗೇ ಪಿಎಚ್‌ಡಿ ಮುಗಿದ ಕೂಡಲೇ ಎಲ್ಲರಿಗೂ ಕೆಲಸ ಸಿಗಲ್ಲ, ಕಾಯಬೇಕಾಗುತ್ತದೆ ಅಂತಲೂ ಹೇಳುತ್ತೇನೆ. ಮಕ್ಕಳಿಗೆ ಬರೀ ಸಿಹಿ ಮಾತು ಹೇಳಿ ಬರೋದು ನನಗೆ ಸರಿ ಕಾಣಲ್ಲ.

ಹೆಣ್ಣುಮಕ್ಕಳು ಎಲ್ಲರ ಮುಂದೆ ಕೇಳೋದು ಕಡಿಮೆ. ಅದಕ್ಕೆ ಚೀಟಿ ಹಂಚುತ್ತೇನೆ, ಹೆಸರು ಬರೆಯದೆ ಪ್ರಶ್ನೆ ಬರೆದು ಕೊಡಲಿ ಅಂತ. ಚೀಟಿಯಲ್ಲಿ ಬರುವ ಪ್ರಶ್ನೆಗಳೇ ಬೇರೆ. ಹಾಸ್ಟೆಲ್ ಇದೆಯಾ, ಖರ್ಚೆಷ್ಟು, ಕನ್ನಡ ಮೀಡಿಯಂನಿಂದ ಹೋದವರಿಗೆ ಪಿಯುಸಿ ಸೈನ್ಸ್ ಕಷ್ಟ ಆಗಲ್ವಾ, ಮನೆಯಲ್ಲಿ ಒಪ್ಪದಿದ್ದರೆ ಏನು ಮಾಡೋದು. ಕೊನೆಯದಕ್ಕೆ ನನ್ನ ಹತ್ತಿರ ರೆಡಿ ಉತ್ತರ ಇಲ್ಲ, ಶಾಲೆಯ ಅಕ್ಕೋರನ್ನು (ಶಿಕ್ಷಕಿಯನ್ನು) ಜೊತೆಗೆ ಕೂರಿಸಿಕೊಂಡು ಮಾತಾಡುತ್ತೇವೆ. ಉಳಿದವಕ್ಕೆ ಒಂದೊಂದಾಗಿ ಉತ್ತರ ಹೇಳಿಯೇ ಏಳೋದು. ಇದಕ್ಕೆ ಅಂತ ಕೊನೆಯ ಇಪ್ಪತ್ತು ನಿಮಿಷ ಮೊದಲೇ ತೆಗೆದಿಡಬೇಕು, ಇಲ್ಲದಿದ್ದರೆ ನಮ್ಮ ಮಾತೇ ಮುಗಿಯಲ್ಲ.

ಹೋಗಬೇಕು ಅನ್ನುವವರು ಒಂದೇ ಶಾಲೆಗೆ ಮತ್ತೆ ಮತ್ತೆ ಹೋಗಿ. ಹತ್ತು ಶಾಲೆಗೆ ಒಂದೊಂದು ಸಲ ಹೋಗಿ ಫೋಟೊ ತೆಗೆಸಿಕೊಂಡು ಬರೋದಕ್ಕಿಂತ ಎರಡು ಶಾಲೆಗೆ ವರ್ಷವಿಡೀ ಹೋಗೋದು ಒಳ್ಳೆಯದು ಅಂತ ನನಗೆ ಖಾತ್ರಿಯಾಗಿದೆ. ಎರಡನೇ ಸಲ ಹೋದಾಗಲೇ ಮಕ್ಕಳು ಮನಸ್ಸು ಬಿಚ್ಚಿ ಮಾತಾಡೋದು. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ, ಡಿಸೆಂಬರ್ 5ರ ವಿಶ್ವ ಮಣ್ಣು ದಿನಕ್ಕೆ ಎಲ್ಲರೂ ಕರೆಯುತ್ತಾರೆ, ಆ ದಿನ ಭಾಷಣ, ಹಾರ, ಚಹಾದಲ್ಲೇ ಹೊತ್ತು ಹೋಗುತ್ತದೆ. ಬೇರೆ ದಿನ ಕೇಳಿಕೊಂಡು ಹೋಗಿ. ಎರಿ ಸೀಮೆಯ ಶಾಲೆಯಾದರೆ ಜನವರಿ ಚೆನ್ನ. ಪರೀಕ್ಷೆಯ ಗಡಿಬಿಡಿ ಇನ್ನೂ ಅಷ್ಟು ಇರಲ್ಲ, ಹಸಿ ಆರುತ್ತಾ ಬಂದು ಹೊಲದಲ್ಲಿ ಬಿರುಕು ಬಾಯಿ ಬಿಡೋಕೆ ಶುರುವಾಗಿರುತ್ತದೆ. ಮೇಷ್ಟ್ರ ಒಪ್ಪಿಗೆ ತೊಗೊಂಡು ಮಕ್ಕಳನ್ನು ಶಾಲೆ ಪಕ್ಕದ ಹೊಲಕ್ಕೆ ಕರೆದುಕೊಂಡು ಹೋಗಿ, ಬಿರುಕಿನಲ್ಲಿ ಕಡ್ಡಿ ಇಳಿಸಿ ಆಳ ಅಳೆಸಿ, ಅಗಲ ಬರೆಸಿ. ಅದೇ ಜಾಗವನ್ನು ಗುರುತು ಮಾಡಿಟ್ಟು ಮಾರ್ಚ್‌ನಲ್ಲಿ ಮತ್ತೆ ಅಳೆಯಲಿ. ನೋಟ್‌ಬುಕ್ಕಿನಲ್ಲಿ ತಾರೀಖು ಬರೆಯೋದನ್ನು ಮಾತ್ರ ಮರೆಯದ ಹಾಗೆ ನೋಡಿಕೊಳ್ಳಿ.